ಸೈರನ್ ಕೂಗದಿದ್ದರೆ ಯಾರನ್ನು ಕೇಳಬೇಕು?

ಟ್ಯಾಸ್ಮೇನಿಯಾದ ಡೋವರ್ ಕೊಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೊಯ್ಲೀನ್ ಡಿರೀನ್ ತನ್ನ ದೋಣಿಯಿಂದ ಮೀನಿನ ಬಲೆಗೂಡಿನ ಅಂಚಿಗೆ ಇಳಿಯುತ್ತಾಳೆ. ನೀರಿನ ಆಮ್ಲಜನಕ ಅಳೆಯುವ ಸಾಧನದ ವೈರನ್ನು ಬೇಕೆಂದೇ ಕಿತ್ತು ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಸೈರನ್ ಕೂಗುತ್ತದೆ, ಕಡಲಹಕ್ಕಿಗಳು ಗಾಬರಿಬಿದ್ದು ಏಳುತ್ತವೆ. ವೈರನ್ನು ಮತ್ತೆ ಸಿಕ್ಕಿಸಿ ಮುಂದಿನ ಗೂಡಿಗೆ ಹೋಗಿ ಅದನ್ನೇ ಮಾಡುತ್ತಾಳೆ.

"ಬೆಳಗಾಗೆದ್ದು ಊರೆಲ್ಲ ಎಬ್ಬಿಸ್ತಾಳೆ ಅಂತ ಬೈಕೋತಾರೆ. ಬೈಲಿ ಬಿಡಿ. ಕೂಗದೇ ಇದ್ದದ್ದನ್ನೂ ನೋಡಿದೀನಲ್ಲ," ಎನ್ನುತ್ತಾಳೆ.

ನೊಯ್ಲೀನ್ ಮೀನು ಸಾಕುವವಳಲ್ಲ, ಪ್ರೋಗ್ರಾಂ ಬರೆಯುವವಳೂ ಅಲ್ಲ. ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಂ ತಂದು, ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮಿನಿಂದ ಅದನ್ನು ಯಂತ್ರದ ಭಾಷೆಗೆ ಇಳಿಸಿ, ಈ ತೀರದ ಮೀನು ಸಾಕಣೆಯವರ ಹಳೇ ಕಂಪ್ಯೂಟರುಗಳಿಗೆ ಹಾಕಿಕೊಡುತ್ತಾಳೆ. ಮೊದಲು ಶೆಡ್ಡಿನಲ್ಲಿ ಮೀನು ಕೊಯ್ಯುತ್ತಿದ್ದಳು. ಮಣಿಕಟ್ಟು ಕೆಟ್ಟ ಮೇಲೆ ಲೈಬ್ರರಿಯ ಸಂಜೆ ತರಗತಿಯಲ್ಲಿ ಇದನ್ನು ಕಲಿತಳು. ಎಲ್ಲ ಸರಿಯಿದ್ದಾಗ ಅವಳ ನೆನಪು ಯಾರಿಗೂ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಟ್ರೌಟ್ ಮೀನು ಸಾಕುವ ಗಾರ್ತ್ ಡಗ್ಗನ್ ಬಂದು, ಪರದೆಯ ಮೇಲೆ ಅಂಕಿ ಮೂಡುವುದು ತಡವಾಗುತ್ತಿದೆ, ಬೇಗ ಮೂಡುವ ಹಾಗೆ ಮಾಡಿಕೊಡು ಎಂದ. ಕಂಪೈಲರಿಗೆ 'ಲೆಕ್ಕ ಬೇಗ ಮುಗಿಸು' ಎನ್ನುವ ಒಂದು ಆಯ್ಕೆಯಿದೆ. ಹಾಗೆಂದರೆ ಸಾಕು, ಅನಗತ್ಯವೆಂದು ಕಂಡ ಪರೀಕ್ಷೆಗಳನ್ನು ಅದೇ ತೆಗೆದುಹಾಕುತ್ತದೆ. ನೊಯ್ಲೀನ್ ಅದನ್ನು ಹಾಕಿದಳು. ಅಂಕಿಗಳು ಪಟಪಟನೆ ಮೂಡಿದವು, ಗಾರ್ತ್ ಖುಷಿಯಿಂದ ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ತಂದುಕೊಟ್ಟ.

'ಬಂದದ್ದು ನಿಜವಾಗಿ ಅಂಕಿಯೇ?' ಎಂದು ನೋಡುವ ಪರೀಕ್ಷೆಯೂ ಮಾಯವಾದದ್ದು ಯಾರಿಗೂ ಕಾಣಲಿಲ್ಲ. ಫೆಬ್ರವರಿಯ ಸೆಕೆಯಲ್ಲಿ ಒಂದು ವೈರ್ ಸಡಿಲವಾಯಿತು. ಅಂಕಿ ಇರಬೇಕಾದಲ್ಲಿ ಅಂಕಿಯೇ ಅಲ್ಲದ್ದೊಂದು ಬಂತು. ಅಂಕಿಯೇ ಅಲ್ಲದ್ದನ್ನು ಅಪಾಯದ ಮಟ್ಟಕ್ಕಿಂತ ಕಡಿಮೆ ಎನ್ನಲು ಬರದ ಕಾರಣ ಸೈರನ್ ಸುಮ್ಮನಿತ್ತು. ಅತ್ತ ನೀರಿನ ಆಮ್ಲಜನಕ ಇಳಿಯಿತು. ಬೆಳಗ್ಗೆ ನೋಡಿದರೆ ಒಂದು ಗೂಡಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಆಮೇಲಿನದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕಥೆ. ಎತ್ತು ಯಾವುದು, ಎಮ್ಮೆ ಯಾವುದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಪ್ರೋಗ್ರಾಂ ಬರೆದ ಹ್ಯಾಮಿಷ್ ನ್ಯೂಜಿಲೆಂಡಿನಿಂದ, "ನಾನು ಪರೀಕ್ಷೆ ಬರೆದಿದ್ದೆ, ಕಿತ್ತದ್ದು ನಾನಲ್ಲ" ಎಂದ. ಕಂಪೈಲರ್ ನೋಡಿಕೊಳ್ಳುವವರು, ಹೀಗಾಗುತ್ತದೆಂದು ಕೈಪಿಡಿಯಲ್ಲೇ ಹೇಳಿದೆ ಎಂದು ಕೈ ತೊಳೆದುಕೊಂಡರು. ಗಾರ್ತ್ ದೋಣಿ ಕಟ್ಟುವ ಜೆಟ್ಟಿಯ ಮೇಲೆ ನೊಯ್ಲೀನಳ ಎದುರು ನಿಂತು ಕೇಳಿದ: "ಬೇಗ ಮಾಡು ಅಂದೆ ಕಣೇ, ನಿಜ. ಸೈರನ್ ಬಾಯಿ ಮುಚ್ಚಿಸು ಅಂದೆನಾ?"

"ಕೈಪಿಡಿ ಓದಿದ್ದೆ. ಅರ್ಥ ಆಗಿದೆ ಅಂದ್ಕೊಂಡಿದ್ದೆ," ಎನ್ನುತ್ತಾಳೆ ನೊಯ್ಲೀನ್. "ಒಬ್ಬೊಬ್ಬರ ಮಾತು ಕೇಳಿದ್ರೂ ಅವರೇ ಸರಿ ಅನ್ಸುತ್ತೆ. ಎಲ್ಲರೂ ಸರಿಯಾಗಿದ್ರೆ ಮೀನು ಯಾಕೆ ಸತ್ತವು? ತಲೆ ಕೆಟ್ಟುಹೋಗುತ್ತೆ ನನಗೆ."

ಆ ಆಯ್ಕೆಯನ್ನು ತೆಗೆದುಹಾಕಿ ಹಳೆಯ ನಿಧಾನದ ಪ್ರೋಗ್ರಾಮನ್ನೇ ಅವಳು ಮತ್ತೆ ಹಾಕಿಕೊಟ್ಟಿದ್ದಾಳೆ. ಅಂದಿನಿಂದ ಈ ವೈರ್ ಕೀಳುವ ಅಭ್ಯಾಸ. ಕೆಲಸವನ್ನೇ ಬಿಡುವ ಮನಸ್ಸಾಗಿತ್ತು. "ಬೇರೆ ಯಾರನ್ನಾದ್ರೂ ನೋಡ್ಕೋ ಗಾರ್ತ್, ನಿನ್ನ ಮುಖ ನೋಡೋಕೆ ನನಗಾಗಲ್ಲ" ಎಂದೂ ಹೇಳಿದ್ದಳು. ಅವನು ದೋಣಿ ಹತ್ತಿ ಹೋದ.

ಇಂದು ಕೊನೆಯ ಗೂಡಿನ ಸೈರನ್ ಪೆಟ್ಟಿಗೆಯ ಮೇಲೆ ಹೊಸದಾಗಿ ಕೆಂಪು ಬಣ್ಣದಲ್ಲಿ ಏನೋ ಬರೆದಿದೆ. ನೊಯ್ಲೀನ್ ಟಾರ್ಚ್ ಹಾಕಿ ನೋಡುತ್ತಾಳೆ. ಅವಳದೇ ಹೆಸರು, ಕೆಳಗೆ ಅವಳದೇ ಫೋನ್ ನಂಬರ್. ಗಾರ್ತನ ಸೊಟ್ಟ ಕೈಬರಹ.

"ಕೋಪಕ್ಕೆ ಬರೆದನೋ ನಂಬಿಕೆಗೆ ಬರೆದನೋ, ಗೊತ್ತಾಗ್ತಿಲ್ಲ," ಎನ್ನುತ್ತಾ ವೈರ್ ಕೀಳಲು ಕೈ ಹಾಕುತ್ತಾಳೆ. "ನಂಬರ್ ಸರಿ ಬರೆದಿದಾನೆ. ಅಷ್ಟು ನೋಡ್ಕೊಂಡೆ."