ಕೆಮ್ಮಿ ಬರುತ್ತಿದ್ದ ಹವಾಲ್ದಾರರು

ಭೀಮರಾಯ ಹವಾಲ್ದಾರರು ಅಂದು ಆ ಫೋನನ್ನು ಯಾರ ಕೈಗೆ ಕೊಟ್ಟು ಹೋದರು ಎಂಬುದು ನನಗೆ ಬಹುಕಾಲ ಖಚಿತವಿರಲಿಲ್ಲ. ಮನೆಯಲ್ಲಿ ಆ ಕಥೆಯನ್ನು ಅಷ್ಟು ಸಲ ಹೇಳಿಕೊಂಡಿದ್ದೇವೆ. ಕಂಡದ್ದು ಯಾವುದು, ಆಮೇಲೆ ಕೂಡಿಸಿದ್ದು ಯಾವುದು ಎಂದು ಬೇರ್ಪಡಿಸಲಾರೆ. ಅವರ ಕೆಮ್ಮಿನ ಬಗ್ಗೆ ಮಾತ್ರ ಅನುಮಾನವಿಲ್ಲ.

ಗೋಗಿಯ ನಮ್ಮ ಓಣಿಗೆ ಅವರಿಗಿಂತ ಮೊದಲು ಅವರ ಕೆಮ್ಮು ಬರುತ್ತಿತ್ತು. ಯಾರನ್ನು ಹಿಡಿಯಲು ಬಂದರೂ ಓಣಿಯ ಬಾಯಲ್ಲಿ ನಿಂತು ಜೋರಾಗಿ ಕೆಮ್ಮಿಯೇ ಕಾಲಿಡುವುದು. ಇಸ್ಪೀಟು ಆಡುವವರು ನಿಧಾನಕ್ಕೆ ಎಲೆ ಕೂಡಿಸಿಕೊಂಡು ಎದ್ದು ಹೋಗುತ್ತಿದ್ದರು.

"ಹವಾಲ್ದಾರ್ರ, ಔಷಧ ತಗೊಳ್ರಿ. ನಿಮ್ಮ ಕೆಮ್ಮಿಗೆ ಕಳ್ಳರೆಲ್ಲ ಪಾರಾಗಾಕತ್ತಾರ" ಎಂದು ಚಹಾದಂಗಡಿಯವನು ಕೆಣಕಿದ್ದ.

"ಕಳ್ಳ ಇವತ್ತ ಓಡಿದ್ರ ನಾಳಿ ಸಿಗ್ತಾನೋ ತಮ್ಮಾ. ಅಂಗಳದಾಗ ತಟ್ಟಿ ಮರ್ಯಾಗ ಜಳಕ ಮಾಡೋ ಹೆಣ್ಮಗಳ ಇಜ್ಜತ್ ಹೋದ್ರ ಯಾವ ಠಾಣೆದಾಗ ಹುಡುಕ್ಲಿ?"

ಕಾಲುವೆ ನೀರಿಗೆ ನಮ್ಮಲ್ಲಿ ಪಾಳಿ. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಮಾತೆಲ್ಲ ವಾಟ್ಸಾಪ್ ಗುಂಪಿಗೆ ಬಂದಿತ್ತು. ಬರೆಯಲು ಬಾರದವರು ದನಿಯಲ್ಲೇ ಹೇಳಿ ಕಳಿಸುತ್ತಿದ್ದರು. ಒಂದು ಹಿಂಗಾರಿಯಲ್ಲಿ ಯಾರೋ ಕಾಲುವೆ ಗೇಟಿನ ಬೀಗ ಒಡೆದು ಪಾಳಿಯಿಲ್ಲದ ನೀರು ಹರಿಸಿಕೊಂಡರು. ಗುಂಪಿನವರ ಫೋನುಗಳನ್ನು ನೋಡಿ ಬರಲು ಹವಾಲ್ದಾರರಿಗೆ ಆದೇಶವಾಯಿತು. ನಮ್ಮ ಮನೆಯಲ್ಲಿದ್ದದ್ದು ಅಣ್ಣನ ಫೋನೊಂದೇ. ಹಗಲೆಲ್ಲ ಅದು ಅವನ ಹೆಂಡತಿ, ನಮ್ಮ ವೈನಿಯ ಕೈಯಲ್ಲಿರುತ್ತಿತ್ತು.

ಹವಾಲ್ದಾರರು ಕಟ್ಟೆಯ ಮೇಲೆ ಕೂತು ವೈನಿಯನ್ನು ಕರೆದು ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಅವಳು ತಲೆಯಾಡಿಸಿದಳು. ಫೋನನ್ನು ಕಿವಿಗೊತ್ತಿಕೊಂಡು ಒಂದೊಂದೇ ಸಂದೇಶ ಕೇಳುತ್ತಿದ್ದವರು ನಡುವೆ ಥಟ್ಟನೆ ನಿಲ್ಲಿಸಿ ಎದ್ದರು.

"ಏನದರಿ ಅದರಾಗ?" ಎಂದಳು ಅವ್ವ.

"ನೀರಿನ ಮಾತು ಕೇಳೀನವ್ವ. ಉಳಿದದ್ದು ನಿಮ್ಮದಲ್ಲ, ನಂದೂ ಅಲ್ಲ."

ಆ ಮಾತೇ ನಮಗೆ ಸಾಕಾಯಿತು. ಅವರು ಓಣಿ ದಾಟುವ ಮೊದಲೇ ನಾವು ಫೋನಿನ ಸುತ್ತ ಕೂತಿದ್ದೆವು. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದವನು ನಾನು, ಅವರು ನಿಲ್ಲಿಸಿದ ಸಂದೇಶವನ್ನು ಹುಡುಕಿಕೊಟ್ಟವನೂ ನಾನೇ. ಅದರಲ್ಲಿ ವೈನಿ ತನ್ನ ಅಕ್ಕನಿಗೆ ಹೇಳುತ್ತಿದ್ದಳು: "ಇನ್ನೊಂದು ಕೂಸು ಈಗ ಬ್ಯಾಡಕ್ಕ. ಗುಳಿಗಿ ನುಂಗಾಕತ್ತೀನಿ. ಮನ್ಯಾಗ ತಿಳಿದ್ರ ತವರಿಗೆ ಅಟ್ಟತಾರ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು.

ತವರಿಗೆ ಅಟ್ಟಲಿಲ್ಲ. ಗುಳಿಗೆಗಳು ಚರಂಡಿಗೆ ಹೋದವು; ಫೋನಿಗೆ ಅಣ್ಣ ತನಗೊಬ್ಬನಿಗೇ ಗೊತ್ತಿರುವ ಲಾಕ್ ಹಾಕಿಕೊಂಡ. ಮುಂದಿನ ಮಳೆಗಾಲಕ್ಕೆ ಅವಳು ಬಸುರಿ. ಬೈಗುಳವೆಲ್ಲ ಹವಾಲ್ದಾರರಿಗೆ. "ಪೊಲೀಸ ಹೊಕ್ಕ ಮನಿ ಉದ್ಧಾರ ಆಗಂಗಿಲ್ಲ" ಎಂದು ಅವ್ವ ಅವರ ಮುಖಕ್ಕೇ ಬಾಗಿಲು ಹಾಕಿದಳು. ನಾನೂ, ಖಾಸಗಿ ಬದುಕಿನ ಹಕ್ಕಿನ ಮೇಲೆ ಪ್ರಬಂಧ ಬರೆಯುವವನು, ಸರ್ಕಾರ ಅಡುಗೆಮನೆಗೆ ಕಿವಿಯಿಟ್ಟಿದೆ ಎಂದು ಗೆಳೆಯರೆದುರು ಈ ಕಥೆಯನ್ನೇ ಉದಾಹರಣೆ ಕೊಡುತ್ತಿದ್ದೆ. ಅದರಲ್ಲಿ ಹವಾಲ್ದಾರರು ಸಂದೇಶವನ್ನು ತೆರೆದಿಟ್ಟು ಫೋನನ್ನು ನಮ್ಮ ಕೈಗೆ ಕೊಡುತ್ತಿದ್ದರು.

ಹವಾಲ್ದಾರರು ನಿವೃತ್ತರಾಗಿ ದೇವಾಪುರಕ್ಕೆ ಹೋದ ಮೇಲೆ ಒಮ್ಮೆ ಸುರಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನನ್ನ ಓದು, ನೌಕರಿ ಏನನ್ನೂ ಕೇಳಲಿಲ್ಲ.

"ಆ ಹೆಣ್ಮಗಳು ಆರಾಮ ಅದಾಳೇನ್ರಿ? ಅಕ್ಕನ ಕೂಡ ಮಾತಾಡ್ತಾಳ?"

"ಆಡ್ತಾಳ್ರಿ" ಎಂದೆ. ಬಸ್ಸು ಬಂತು. ಅದೇ ಕಡೆಯ ಭೇಟಿ.

ಅವರು ತೀರಿದ ಸುದ್ದಿ ಬಂದಾಗ ವೈನಿ ಜೋಳ ಹಸನು ಮಾಡುತ್ತಿದ್ದಳು. ಅಂದು ಫೋನು ಯಾರ ಕೈಗೆ ಕೊಟ್ಟರೆಂದು ಅಷ್ಟು ವರ್ಷಗಳ ಮೇಲೆ ಮೊದಲ ಸಲ ಅವಳನ್ನೇ ಕೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಕೇಳಾಕ ನನ್ನ ಪರವಾನಗಿ ತಗೊಂಡಿದ್ರು, ತಮ್ಮಾ. ಬಂದ್ ಮಾಡಿ ನನ್ನ ಕೈಯಾಗ ಕೊಟ್ಟು ಹೋದ್ರು."

ನಂಬಬಾರದೆಂದಲ್ಲ, ನಂಬಲು ಹೆದರಿ, ಅಂದು ಎದುರು ಮನೆಯ ಕಟ್ಟೆಯಲ್ಲಿ ಕೂತು ನೋಡಿದ್ದ ನೆರೆಯ ಸಾಬಮ್ಮನನ್ನೂ ಕೇಳಿದೆ. ಅವಳೂ ಅದನ್ನೇ ಹೇಳಿದಳು: ಅವರು ಕೊಟ್ಟದ್ದು ವೈನಿಯ ಕೈಗೆ; ಅವಳ ಕೈಯಿಂದ ತೆಗೆದುಕೊಂಡವರು ನಾವು.