ನಗಿಸುವಂತೆ ಬೀಳುವವನು

ಹಾಂಗ್‌ಕಾಂಗ್‌ನ ಗುಡ್ಡದ ಬುಡದ ಸ್ಟುಡಿಯೊದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಚಹಾದಂಗಡಿಯ ಸೆಟ್ಟಿನ ಮಹಡಿಯಂಚಿನಲ್ಲಿ ಸ್ಟಂಟ್ ಕಲಾವಿದ ಫುಂಗ್ ಕಾಮ್‌ಶಿಂಗ್ ಆಗಲೇ ನಿಂತಿದ್ದಾರೆ. ಕೈಯಲ್ಲಿ ಗಂಜಿಯ ಬಟ್ಟಲು. ಕೆಳಗೆ ಒಂದು ಮೇಜು. ಹಾಸಿಗೆ ಇಲ್ಲ, ಹಗ್ಗವೂ ಇಲ್ಲ.

"ಇವತ್ತೂ ನಗು ಬರ್ಲಿಲ್ಲ ಅಂದ್ರೆ ನೀನು ಬೀಳೋದನ್ನೇ ಕತ್ತರಿಸಿ ಬಿಸಾಕ್ತೀನಿ, ಶಿಂಗಣ್ಣ!" ನಿರ್ದೇಶಕ ಮಾಕ್ ಕೆಳಗಿನಿಂದ ಕೂಗುತ್ತಾರೆ.

"ಕತ್ತರಿ ಒಳಗಿಡಪ್ಪಾ, ಮೊದ್ಲು ಕ್ಯಾಮೆರಾ ಓಡ್ಸು!"

ಇದು ಕುಂಗ್‌ಫೂ ಹಾಸ್ಯಚಿತ್ರ. ಬಿಡುಗಡೆಗೆ ಮೊದಲು ನಡುರಾತ್ರಿ ಒಂದು ಪ್ರದರ್ಶನ ಇಟ್ಟು ಜನರ ಮನಸ್ಸು ನೋಡುವುದು ಇಲ್ಲಿನ ರೂಢಿ. ಹಿಡಿಸದಿದ್ದರೆ ಪ್ರೇಕ್ಷಕರು ಅಮ್ಮ ಅಕ್ಕ ಎಂದು ಬೈಯುತ್ತಾರೆ. ಮೊನ್ನೆ ನಾಯಕನ ಒದೆಗೆ ಶಿಂಗ್ ಉರುಳಿದಾಗ ಯಾರೂ ಬೈಯಲಿಲ್ಲ, ನಗಲೂ ಇಲ್ಲ. ಹಾಸ್ಯಚಿತ್ರಕ್ಕೆ ಅದಕ್ಕಿಂತ ದೊಡ್ಡ ಬೈಗುಳ ಬೇಕೆ? ಅದಕ್ಕೇ ಇವತ್ತು ಆ ದೃಶ್ಯವನ್ನು ಮತ್ತೆ ತೆಗೆಯುತ್ತಿದ್ದಾರೆ. ಇಷ್ಟು ವರ್ಷ ಬೆನ್ನು ತೋರಿಸಿಯೇ ಬಿದ್ದವರಿಗೆ ಮುಖ ಕಾಣುವ ದೃಶ್ಯ ಸಿಕ್ಕಿದ್ದು ಇದೊಂದೇ.

ಚಿಕ್ಕಂದಿನಲ್ಲೇ ಅಪ್ಪ ಇವರನ್ನು ಪೀಕಿಂಗ್ ಗೀತನಾಟಕದ ಶಾಲೆಗೆ ವರ್ಷಗಟ್ಟಲೆಯ ಕರಾರು ಮಾಡಿ ಬರೆದುಕೊಟ್ಟರು. ಗುರುಗಳ ಬೆತ್ತ, ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲುವುದು, ನಿಂತಲ್ಲೇ ತೂಕಡಿಕೆ. ನಾಟಕಕ್ಕೆ ಜನ ಬರುವುದು ನಿಂತಾಗ ಪಲ್ಟಿ ಹೊಡೆಯುವ ಮಕ್ಕಳೆಲ್ಲ ಸಿನಿಮಾಕ್ಕೆ ಬಂದರು. ಇವತ್ತು ಊರೆಲ್ಲ ನಾಯಕನ ಹೆಸರೇ. ಒದ್ದವನು ದೊಡ್ಡವನಂತೆ! ಬೀಳುವವನು ಬೀಳದಿದ್ದರೆ ಆ ಒದೆ ಬರೀ ಗಾಳಿಗೆ ಬೀಸಿದ ಕಾಲು.

"ಜನ ಯಾಕೆ ನಗಲಿಲ್ಲ?" ಎಂದು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ನಾನು ಪರದೆ ಮೇಲೆ ಬಿದ್ದಾಗೆಲ್ಲ ನನ್ನ ಹೆಂಡ್ತಿ ಸಾವ್‌ಲಾನ್ ಕಣ್ಣು ಮುಚ್ಕೋತಾಳೆ. ನಾನು ಪಕ್ಕದಲ್ಲೇ ಗುಂಡುಕಲ್ಲಿನ ಹಾಗೆ ಕೂತಿದ್ರೂನೂ! ಮೊನ್ನೆ ಇಡೀ ಥಿಯೇಟರೇ ಅವಳ ಥರ ಆಗೋಯ್ತು. ಸತ್ತೇ ಹೋದ ಅಂದ್ಕೊಂಡ್ರು ಕಣ್ರೀ. ಅಷ್ಟು ಚೆನ್ನಾಗಿ ಬಿದ್ದಿದ್ದೇ ತಪ್ಪಾಯ್ತು."

ಕ್ಯಾಮೆರಾ ಓಡುತ್ತದೆ. ನಾಯಕನ ಕಾಲು ಬೀಸುತ್ತದೆ. ಶಿಂಗ್ ಗಾಳಿಯಲ್ಲಿ ಮಗುಚಿ ಮೇಜಿಗೆ ಅಪ್ಪಳಿಸುತ್ತಾರೆ. ಮೇಜು ಎರಡು ಹೋಳು! ಎಲ್ಲರ ಉಸಿರೂ ನಿಂತಿದೆ. ಮರದ ಚೂರುಗಳ ನಡುವಿನಿಂದ ಒಂದು ಕೈ ಮೇಲೇಳುತ್ತದೆ, ಅದರಲ್ಲಿ ಅದೇ ಬಟ್ಟಲು. ಹಿಂದೆಯೇ ತಲೆ. ಶಿಂಗ್ ಒಳಗೆ ಇಣುಕಿ, ಉಳಿದ ಗಂಜಿಯನ್ನು ಸೊರ್ರನೆ ಹೀರಿ, ಇನ್ನಷ್ಟು ಹಾಕು ಎನ್ನುವಂತೆ ಒದ್ದವನ ಕಡೆಗೇ ಬಟ್ಟಲು ಚಾಚುತ್ತಾರೆ. ದೀಪದವರು ಹೊಟ್ಟೆ ಹಿಡಿದುಕೊಂಡು ಬಗ್ಗಿಬಿಡುತ್ತಾರೆ. ಮಾಕ್ "ಕಟ್" ಹೇಳುವುದನ್ನೇ ಮರೆತಿದ್ದಾರೆ.

"ಕತ್ತರಿ ಎಲ್ಲಪ್ಪಾ?" ಶಿಂಗ್ ಕೆಣಕುತ್ತಾರೆ.

"ಹೊಳೆಗೆ ಎಸೆದೆ ಮಾರಾಯ!"

ಪಕ್ಕೆ ನೀವಿಕೊಳ್ಳುತ್ತ ಬಂದು ನನ್ನ ಬಳಿ ಕೂರುತ್ತಾರೆ.

"ಜನ ನಕ್ಕಿದ್ದು ಕೇಳಿದ್ರೆ ಸಾವ್‌ಲಾನ್ ಕಣ್ಣು ಬಿಟ್ಟೇ ಬಿಡ್ತಾಳೆ. ಆಗ ಪರದೆ ತುಂಬ ನನ್ನ ಮುಖಾನೇ ಇರುತ್ತೆ. ಅಷ್ಟು ಸಾಕು."