ಭೂತದ ಮನೆಗೆ ಅಪ್ಪ ಬಂದ ಸಂಜೆ

ದೆಹಲಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಸಂಜೆ ಕರೆಗಂಟೆ ಸದ್ದಾಯಿತೆಂದು ಬಾಗಿಲು ತೆರೆದರೆ ಹೊರಗೆ ಆರು ಹೆಣಗಳು ನಿಂತಿದ್ದವು. ಒಂದರ ಹಣೆ ಸೀಳಿ ರಕ್ತ ಇಳಿದಿತ್ತು. ಒಂದು ಮೈತುಂಬ ಬ್ಯಾಂಡೇಜು ಸುತ್ತಿಕೊಂಡಿತ್ತು. ಎಲ್ಲಕ್ಕಿಂತ ಚಿಕ್ಕ ಹೆಣಕ್ಕೆ ನೆಗಡಿಯಾಗಿ ಮೂಗು ಸೋರುತ್ತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಬಕೆಟ್ಟು. ಏನು ಹೇಳಬೇಕೆಂದು ತೋಚದೆ ನನ್ನ ಹರಕುಮುರುಕು ಹಿಂದಿಯಲ್ಲಿ "ಕಲ್ ಆನಾ", ನಾಳೆ ಬನ್ನಿ, ಎಂದು ಬಾಗಿಲು ಹಾಕಿಕೊಂಡೆ. ನಾನು ಚಿಕ್ಕವಳಿದ್ದಾಗ ಮಂಡ್ಯದ ನಮ್ಮ ಬೀದಿಯಲ್ಲಿ ಎಲ್ಲರ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ದೆವ್ವ ಬಂದು ಓದಿಕೊಂಡು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಬಲ್ಲ, ಮರ್ಯಾದಸ್ಥ ದೆವ್ವ. ದೆಹಲಿಯ ದೆವ್ವಗಳು ಹಾಗಲ್ಲ. ಬಾಗಿಲ ಆಚೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವು.

ಬ್ಯಾಂಡೇಜು ಸುತ್ತಿಕೊಂಡಿದ್ದವಳು ಎದುರು ಫ್ಲ್ಯಾಟಿನ ರಿತುವಿನ ಮಗಳು ಪೀಹು. ಮರುದಿನ ರಿತು ಒಂದು ಡಬ್ಬಿ ರಾಜ್ಮಾ ತಂದುಕೊಟ್ಟು, ಅದು ಹ್ಯಾಲೋವೀನ್ ಎಂಬ ಹಬ್ಬ, ಸತ್ತವರು ತಿರುಗಾಡುವ ದಿನವಂತೆ, ಮಕ್ಕಳು ದೆವ್ವದ ವೇಷ ಹಾಕಿ ಮಿಠಾಯಿ ಕೇಳುತ್ತಾರೆ ಎಂದು ವಿವರಿಸಿದಳು. "ನಮಗೂ ಇದು ಮೊದಲು ಗೊತ್ತಿರಲಿಲ್ಲ ದೀದಿ, ಎಲ್ಲ ಟೀವಿಯಿಂದ ಬಂದದ್ದು" ಎಂದು ಹಿಂದಿಯಲ್ಲಿ ಹೇಳಿ, ನಾನು ಒಂಟಿಯಾಗಿರುವುದನ್ನು ನೋಡಿ ತಮ್ಮ ಮನೆಯ ಟೀವಿ ಆ್ಯಪಿನ ಪಾಸ್‌ವರ್ಡನ್ನೂ ಕೊಟ್ಟು ಹೋದಳು. ಮಯೂರ್ ವಿಹಾರ ಬಡಾವಣೆಯಲ್ಲಿ ನನಗೆ ಸಿಕ್ಕ ಮೊದಲ ಸ್ನೇಹ ಅದು.

ನಾನು ನೋಯ್ಡಾದ ಒಂದು ಕಂಪನಿಯಲ್ಲಿ ಅಡುಗೆಮನೆಗಳ ನಕ್ಷೆ ಬರೆಯುವವಳು. ಬಿಳಿ ಕಪಾಟು, ಹೊಳೆಯುವ ಲ್ಯಾಮಿನೇಟು, ಒಂದು ಕಲೆಯೂ ಇಲ್ಲದ ಗೋಡೆ. ಹಗಲೆಲ್ಲ ಅದನ್ನು ಬರೆದು, ಮೆಟ್ರೋದಲ್ಲಿ ನಿಂತುಕೊಂಡು ಬಂದು, ಸಂಜೆ ಮುದ್ದೆ ತಿರುವಿಕೊಂಡು ರಿತು ಕೊಟ್ಟ ಆ್ಯಪಿನ ದೆವ್ವದ ಸಿನಿಮಾಗಳ ಮುಂದೆ ಕೂರುತ್ತಿದ್ದೆ. ಹೆದರಿಕೆಗಾಗಿ ಅಲ್ಲ, ಮನೆಗಳಿಗಾಗಿ. ಒಂದರಲ್ಲಿ ಮೆಟ್ಟಿಲಿನುದ್ದಕ್ಕೂ ಹಣ್ಣಾದ ನೇರಳೆಯ ಬಣ್ಣದ ಗೋಡೆ ಕಾಗದ, ಮೆಟ್ಟಿಲಿಗೊಂದು ಮೇಣದ ಬತ್ತಿ. ಒಂದು ಧಾರಾವಾಹಿಯಲ್ಲಿ ಮಾಟಗಾತಿಯರ ಅಡುಗೆಮನೆ: ತಾಮ್ರದ ಪಾತ್ರೆ, ಸೂರಿನಿಂದ ಇಳಿಬಿಟ್ಟ ಒಣಗಿದ ಸೊಪ್ಪಿನ ಕಟ್ಟುಗಳು, ಗೋಡೆಗೆ ಬಾಟಲಿ ಹಸಿರಿನ ಟೈಲ್ಸು. ಅದರ ಕತೆ ಈಗ ನೆನಪಿಲ್ಲ, ಧ್ವನಿ ಪೂರ್ತಿ ತಗ್ಗಿಸಿ ಆ ಅಡುಗೆಮನೆಯನ್ನಷ್ಟೇ ನೋಡಿದ ಸಂಜೆಗಳಿವೆ. ಮಕ್ಕಳ ಕಾರ್ಟೂನ್ ಒಂದರಲ್ಲಿ ಇಡೀ ಮನೆಯೇ ಸೊಟ್ಟ. ಒಂದು ಕಿಟಕಿಯೂ ನೇರವಿಲ್ಲ. ನೇರ ಗೆರೆ ಎಳೆದು ಸಂಬಳ ತೆಗೆದುಕೊಳ್ಳುವ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಆ ಮನೆಗಳಲ್ಲಿ ದೀಪ ಎಂದೂ ಮೇಲಿರುವುದಿಲ್ಲ, ಮೊಣಕಾಲಿನ ಎತ್ತರದಲ್ಲಿರುತ್ತದೆ. ನೆರಳಿಗೂ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಮಂಡ್ಯದ ನಮ್ಮ ಮನೆಯಲ್ಲಿ ನೆರಳೇ ಇರಲಿಲ್ಲ. ಆಕಾಶನೀಲಿ ಡಿಸ್ಟೆಂಪರ್, ಟ್ಯೂಬ್‌ಲೈಟು, ಸೂರಿಗೆ ತಾಗುವಂತೆ ಮುಂದಕ್ಕೆ ಬಾಗಿದ ಸತ್ತವರ ಫೋಟೋಗಳ ಸಾಲು, ಅವುಗಳಿಗೆ ಪ್ಲಾಸ್ಟಿಕ್ ಹಾರ ಮತ್ತು ಕೆಂಪು ಬಲ್ಬು. ಓದುವಾಗ ಗೆಳತಿಯರನ್ನು ಮನೆಗೆ ಕರೆಯಲು ನಾಚಿಕೊಂಡದ್ದು ಆ ಸಾಲಿನಿಂದಾಗಿಯೇ. ಅದೇ ಸಾಲು ಸಿನಿಮಾದಲ್ಲಿ, ಹೊಂಬಣ್ಣದ ಚೌಕಟ್ಟಿನೊಳಗೆ, ಯಾರದೋ ಮುತ್ತಜ್ಜಂದಿರ ಮುಖ ಹೊತ್ತು ಬಂದಾಗ ನಾನು ಚಿತ್ರವನ್ನು ಅಲ್ಲೇ ನಿಲ್ಲಿಸಿ ಬೆರಗಾಗಿ ನೋಡಿದೆ. ಎಂಥ ಮಂಕುಬುದ್ಧಿ ಎಂದು ಈಗ ಅನಿಸುತ್ತದೆ.

ಪಡಸಾಲೆಯ ಒಂದು ಗೋಡೆಗೆ ಬಾಟಲಿ ಹಸಿರು ಬಳಿಸಿದೆ. ಬಣ್ಣ ಹಚ್ಚಲು ಬಂದ ಭಯ್ಯಾ ಡಬ್ಬಿ ತೆರೆದು ನೋಡಿ, "ಮೇಡಂ, ಘರ್ ಮೇಂ ಕೋಯಿ ಗುಜರ್ ಗಯಾ ಕ್ಯಾ?" ಎಂದ. ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಅವನ ಪ್ರಶ್ನೆ. ಪ್ರತಿ ಭಾನುವಾರ ಕಬಾಡಿಯವನ ಗಾಡಿ ತಡಕಿದೆ. ಕಬಾಡಿ ಎಂದರೆ ಗುಜರಿ, ಬೆಳಗಾದರೆ ಅವನು ಕೆಳಗೆ "ಕಬಾಡೀ..." ಎಂದು ರಾಗ ಎಳೆಯುತ್ತ ಬರುತ್ತಾನೆ. ಅವನಿಂದ ಹಳೆಯ ಚೌಕಟ್ಟುಗಳು ಬಂದವು, ಕಾಲು ಮುರಿದ ಹಿತ್ತಾಳೆ ದೀಪ ಬಂತು, ಯಾರದೆಂದು ಗೊತ್ತಿಲ್ಲದ ನಾಲ್ಕು ಹಳೆಯ ಫೋಟೋಗಳೂ ಬಂದವು. ಮೂರನೆಯ ಅಕ್ಟೋಬರಿಗೆ ನನ್ನ ಫ್ಲ್ಯಾಟು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳ 'ಭೂತ್‌ಘರ್' ಆಯಿತು, ಅಂದರೆ ಭೂತದ ಮನೆ. ಲಿಫ್ಟಿನಲ್ಲಿ ಮಕ್ಕಳು "ಭೂತ್‌ವಾಲೀ ಆಂಟಿ" ಎಂದು ಪಿಸುಗುಡುತ್ತಿದ್ದರು. ಪರಊರಿನಲ್ಲಿ ಹೆಸರು ಸಿಗುವುದೆಂದರೆ ಸಣ್ಣ ಮಾತಲ್ಲ, ನಾನು ಒಳಗೊಳಗೇ ಉಬ್ಬಿದೆ.

ಈ ಮನೆಯನ್ನು ನೋಡಬೇಕೆಂದು ಅಪ್ಪನಿಗೆ ಬಹಳ ಆಸೆಯಿತ್ತು. ಬಸ್ ಕಂಡಕ್ಟರಾಗಿದ್ದವರು, ಜಿಲ್ಲೆಯ ಎಲ್ಲ ನಿಲ್ದಾಣ ಗೊತ್ತು, ಜಿಲ್ಲೆಯ ಆಚೆ ಒಂದೂ ಗೊತ್ತಿಲ್ಲ. ಫೋನಿನಲ್ಲಿ ಪ್ರತಿ ಸಲ "ಬರ್ಲಾ ಮಗ?" ಎನ್ನುತ್ತಿದ್ದರು. "ಮನೆ ಒಂದು ರೂಪಕ್ಕೆ ಬರಲಿ ಅಪ್ಪ, ಆಮೇಲೆ ಬನ್ನಿ" ಎನ್ನುತ್ತಿದ್ದೆ. ಸೋಫಾ ಬಂದಮೇಲೆ, ಪರದೆ ಹೊಲಿಸಿದ ಮೇಲೆ, ಚಳಿ ಕಳೆದ ಮೇಲೆ. ಮನೆ ರೂಪಕ್ಕೆ ಬರುವಷ್ಟರಲ್ಲಿ ಅಪ್ಪ ಹೋಗಿಬಿಟ್ಟರು. ಆ ದೆವ್ವಕ್ಕೆ ಹೇಳಿದ ಮಾತನ್ನೇ ನಾನು ಬದುಕಿದ್ದ ಅಪ್ಪನಿಗೂ ನಾಲ್ಕು ವರ್ಷ ಹೇಳಿದ್ದೆ.

ಮರುವರ್ಷ ಅಮ್ಮ ಬಂದಳು. ಎರಡು ದಿನದ ರೈಲು ಪ್ರಯಾಣದುದ್ದಕ್ಕೂ ಟವೆಲ್ಲಿನಲ್ಲಿ ಸುತ್ತಿದ ಅಪ್ಪನ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಚಿತ್ರ. ಸ್ಟುಡಿಯೋದವನದೇ ಕರಿ ಕೋಟು, ಸ್ಟೂಲಿನ ಮೇಲೆ ಒಂದು ಕೈ, ನಗಬೇಡಿ ಎಂದು ಅವನು ಹೇಳಿದ್ದಕ್ಕೆ ಬಿಗಿದುಕೊಂಡ ಮುಖ. ನಮ್ಮ ಕಡೆ ದೀಪಾವಳಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಇಷ್ಟವಾದ ಅಡುಗೆಯೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ಬಂದು ಕೂರುತ್ತೇವೆ. ಅವರು ಬಂದು ಉಂಡು ಹೋಗಬೇಕು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತೇವೆ.

"ಬದುಕಿದ್ದಾಗಂತೂ ಬರಕ್ಕಾಗ್ಲಿಲ್ಲ, ಈಗಾದ್ರೂ ಬಂದು ಮಗಳ ಮನೆ ನೋಡ್ಲಿ ಕಣ್ ಮಗ" ಎಂದಳು ಅಮ್ಮ. ಅವಳು ಅಷ್ಟು ದೂರ ಬಂದದ್ದು ಅದೊಂದಕ್ಕೇ.

ಆ ವರ್ಷ ಎರಡು ಪಂಚಾಂಗಗಳು ತಳುಕು ಹಾಕಿಕೊಂಡವು. ದೆಹಲಿಯವರಿಗೆ ದೀವಾಲಿ ಹ್ಯಾಲೋವೀನ್ ದಿನವೇ ಬಿತ್ತು, ಹಾಗಾಗಿ ಮಕ್ಕಳ ಭೂತ್‌ಘರ್ ಒಂದು ದಿನ ಮುಂದಕ್ಕೆ ಹೋಯಿತು. ಅಮ್ಮನ ಲೆಕ್ಕದಲ್ಲಿ ಅಮಾವಾಸ್ಯೆಯ ಎಡೆಯೂ ಆ ಮಾರನೆಯ ದಿನವೇ.

"ಅಮ್ಮಾ, ಇವತ್ತು ಮಕ್ಕಳು ಬರ್ತಾರೆ. ಎಡೆ ನಾಳೆ ಇಡೋಣ" ಎಂದೆ.

"ಅಮಾಸೆ ನಾಳೆಗಂಟ ನಿನಗೋಸ್ಕರ ಕಾಯ್ತದಾ?" ಎಂದಳು.

ಕೊನೆಗೆ ಒಂದು ರಾಜಿಯಾಯಿತು. ಪಡಸಾಲೆಯ ತುದಿಯ ಚಿಕ್ಕ ಕೋಣೆ ಅಮ್ಮನಿಗೆ, ಉಳಿದ ಮನೆ ಮಕ್ಕಳ ಭೂತಗಳಿಗೆ. ಅಮ್ಮ ಬೆಳಗಿನಿಂದ ಅಡುಗೆ ಮಾಡಿದಳು. ಕೋಳಿ ಸಾರು, ವಡೆ, ಕಜ್ಜಾಯ. ಮುಸ್ಸಂಜೆಗೆ ಎಲೆ ಹಾಕಿ, ಪಕ್ಕದಲ್ಲಿ ಬೀಡಿ ಕಟ್ಟು ಇಟ್ಟು, ಕುರ್ಚಿಯ ಮೇಲೆ ಹೊಸ ಪಂಚೆ, ಶರ್ಟು ಹರಡಿ, ನೆಲದ ಮೇಲೆ ದೀಪ ಹಚ್ಚಿ, ಸಾಂಬ್ರಾಣಿ ಹೊಗೆ ಹಾಕಿದಳು. ಬಾಗಿಲು ಹಾಕಿ, "ನಾನು ಕೆಳಗೆ ಬೆಂಚಿನ ಮೇಲೆ ಕೂತಿರ್ತೀನಿ, ಯಾರ್ನೂ ಬಿಡಬೇಡ" ಎಂದು ಹೇಳಿ ಹೋದಳು.

ನಾನು ಕೋಣೆಯೊಳಗೆ ಒಮ್ಮೆ ಇಣುಕಿದೆ. ಇಣುಕಬಾರದಿತ್ತು. ನಾಲ್ಕು ವರ್ಷ ನಾನು ಬಣ್ಣ ಬಳಿದು, ಗುಜರಿ ತಡಕಿ ಮಾಡಲಾಗದ ಕೋಣೆಯನ್ನು ಅಮ್ಮ ಅರ್ಧ ಗಂಟೆಯಲ್ಲಿ ಮಾಡಿಬಿಟ್ಟಿದ್ದಳು. ಮೊಣಕಾಲಿಗಿಂತ ಕೆಳಗಿನ ಬೆಳಕು. ಯಾರೋ ಈಗಷ್ಟೇ ಎದ್ದುಹೋದಂತೆ ಕುರ್ಚಿಯ ಮೇಲೆ ಬಿಳಿ ಬಟ್ಟೆ. ಹೊಗೆಯ ಹಿಂದೆ ಕರಿ ಕೋಟಿನ ಮುಖ. ಯಾವ ಸಿನಿಮಾದಲ್ಲೂ ಅಂಥ ಕೋಣೆಯನ್ನು ನಾನು ನೋಡಿರಲಿಲ್ಲ.

ಮಕ್ಕಳು ಹೇಳಿದ ಸಮಯಕ್ಕಿಂತ ಮೊದಲೇ ಬಂದರು, ಜೊತೆಗೆ ರಿತು ಮತ್ತು ಇನ್ನಿಬ್ಬರು ಅಮ್ಮಂದಿರು. ಹಸಿರು ಗೋಡೆ, ಅಲುಗುವ ಪರದೆ, ಪ್ಲಾಸ್ಟಿಕ್ ತಲೆಬುರುಡೆ ಎಲ್ಲ ಎರಡೇ ನಿಮಿಷದಲ್ಲಿ ಮುಗಿದವು. "ಆಂಟಿ, ಇಷ್ಟೇನಾ? ಪೋದ ವರ್ಷದ್ದೇ ಇದೆ" ಎಂದು ಪೀಹು ಮೂಗು ಮುರಿದಳು. ಅವಳಿಗೆ ನಾನು ಒಂದಿಷ್ಟು ಕನ್ನಡ ಕಲಿಸಿದ್ದೆ. ಪೋದ ಎಂದರೂ ಹೋದ ಎಂದರೂ ಅವಳಿಗೆ ಒಂದೇ. ಆಮೇಲೆ ಮುಚ್ಚಿದ ಬಾಗಿಲು ತೋರಿಸಿ "ಇಸ್ ಮೇಂ ಕ್ಯಾ ಹೈ?" ಎಂದಳು.

ಅಲ್ಲಿ ಏನೂ ಇಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ಮಕ್ಕಳು ತಾವಾಗಿ ನುಗ್ಗಲೂ ಇಲ್ಲ. ಭೂತ್‌ವಾಲೀ ಆಂಟಿಯ ಹೆಸರು ಮಣ್ಣುಪಾಲಾಗುತ್ತದಲ್ಲ ಎಂದು ನಾನೇ ನನ್ನ ಕೈಯಾರೆ ಬಾಗಿಲು ತೆರೆದೆ. "ಸಿರ್ಫ್ ದೇಖ್‌ನಾ, ಛೂನಾ ಮತ್" ಎಂದೆ, ನೋಡಿ ಅಷ್ಟೇ, ಮುಟ್ಟಬೇಡಿ ಎಂದು. ಒಂದು ಕ್ಷಣ ಎಲ್ಲರೂ ಉಸಿರು ಬಿಗಿಹಿಡಿದರು, ಆಮೇಲೆ ಕಿರುಚಿದರು ನೋಡಿ! ಅಂಥ ಖುಷಿಯ ಕಿರುಚಾಟ ನನ್ನ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಟಾರ್ಚುಗಳು ಅಪ್ಪನ ಮುಖದ ಮೇಲೆ ಓಡಾಡಿದವು. ಒಬ್ಬಳು ಎಲೆಯಿಂದ ಕಜ್ಜಾಯ ಎತ್ತಿ ಬಕೆಟ್ಟಿಗೆ ಹಾಕಿಕೊಂಡಳು. ಅಮ್ಮಂದಿರು ಮೊಬೈಲ್ ಎತ್ತಿ ಫೋಟೋ ಹೊಡೆದರು.

"ದೀದಿ, ಕಮಾಲ್! ಯೇ ಫೋಟೋ ಕಹಾಂ ಸೇ ಮಿಲೀ?" ಎಂದಳು ರಿತು. ಆ ಫೋಟೋ ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದಳು.

ನನ್ನ ಅಪ್ಪನದು ಎನ್ನಬೇಕಿತ್ತು. ಎಂದಿದ್ದರೆ ರಿತು ಅಲ್ಲೇ ಕೈ ಮುಗಿಯುತ್ತಿದ್ದಳು, ಮಕ್ಕಳನ್ನು ಗದರಿ ಆಚೆ ಕಳಿಸುತ್ತಿದ್ದಳು. ಆದರೆ ಆ ನಗುವಿನ ನಡುವೆ, ಅಪ್ಪನ ಹಣೆಯ ಮೇಲೆ ಟಾರ್ಚು ಬಿದ್ದಿರುವಾಗ, ಇವರು ನನ್ನ ಅಪ್ಪ ಎನ್ನಲು ನಾಲಿಗೆ ಏಳಲಿಲ್ಲ. "ಕಬಾಡೀ ಸೇ" ಎಂದೆ.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಅಮ್ಮ. ಗಲಾಟೆ ಕೇಳಿ ಮೇಲೆ ಬಂದಿದ್ದಳು. ಬಾಗಿಲು ಹಾರುಹೊಡೆದುಕೊಂಡಿತ್ತು, ಆದರೂ ಅವಳು ಕೆಮ್ಮಿ, ತೆರೆದ ಬಾಗಿಲನ್ನೇ ಎರಡು ಸಲ ತಟ್ಟಿ, ಆಮೇಲೆ ಒಳಗೆ ಕಾಲಿಟ್ಟಳು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಒಂದು ತಿಂಗಳಲ್ಲಿ ಅವಳು ಕಲಿತದ್ದು ಕಿಟಕಿಯಿಂದ ಕೇಳಿಸುವ ಎರಡೇ ಮಾತು, ತರಕಾರಿಯವನ ಸಬ್ಜಿ ಮತ್ತು ಗುಜರಿಯವನ ಕಬಾಡಿ.

ಮಕ್ಕಳು ಹೋದರು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೆಲ್ಲಿದ್ದನ್ನು ಬಳಿದು, ಪಂಚೆ ಮಡಿಸಿ, ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತ, "ಇನ್ನೂ ಊಟ ಆಗಿರ್ಲಿಲ್ಲ ಮಗ ಅವರ್ದು" ಎಂದಳು, ಅಷ್ಟೇ. ಸೊಸೈಟಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆ ಹೊತ್ತಿಗಾಗಲೇ ಅಪ್ಪನ ಮುಖ ಬಂದಿತ್ತು, ಈ ಸಲದ ಅತ್ಯುತ್ತಮ ಕೋಣೆ ಎಂಬ ಹೊಗಳಿಕೆಯೊಂದಿಗೆ. ಚಪ್ಪಾಳೆಯ ಚಿತ್ರಗಳನ್ನು ಎಣಿಸದೆ ಫೋನು ಮಗುಚಿ ಇಟ್ಟೆ.

ಹತ್ತು ದಿನದ ಮೇಲೆ ಅಮ್ಮ ಮಂಡ್ಯಕ್ಕೆ, ನನ್ನ ತಮ್ಮನ ಮನೆಗೆ ಹೊರಟಳು, ಟವೆಲ್ಲಿನಲ್ಲಿ ಸುತ್ತಿದ ಫೋಟೋವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ದೆಹಲಿಯಲ್ಲಿ ಚಳಿ ಎನ್ನುತ್ತಾಳೆ. ಆ ಫೋಟೋದ್ದೊಂದು ಪ್ರತಿ ಕಳಿಸು ಎಂದರೆ "ನಾಳೆ ಕಳಿಸ್ತೀನಿ" ಎನ್ನುತ್ತಾಳೆ. ಆ ನಾಳೆ ಎಂಥದ್ದೆಂದು ನನಗೆ ಗೊತ್ತು, ಕೇಳುವುದನ್ನು ಬಿಟ್ಟೆ.

ಈ ವರ್ಷದ ಅಮಾವಾಸ್ಯೆಗೆ ನಾನೇ ಎಡೆ ಇಟ್ಟೆ. ಫೋಟೋ ಇರಲಿಲ್ಲ. ಸೊಸೈಟಿಯ ಗ್ರೂಪಿನಲ್ಲಿ ಹುಡುಕಿದ್ದರೆ ಸಿಗುತ್ತಿತ್ತು, ಅದನ್ನು ಮಾತ್ರ ಮುಟ್ಟಲಾರೆ ಎನಿಸಿತು. ಕಜ್ಜಾಯ ಎಣ್ಣೆಯಲ್ಲಿ ಒಡೆದುಹೋಯಿತು, ಬೀಡಿ ಸಿಕ್ಕಿತು, ಪಂಚೆ ಕರೋಲ್ ಬಾಗಿನಿಂದ ತಂದಿದ್ದೆ. ಬಾಗಿಲು ಹಾಕಿ ಆಚೆ ಬಂದರೆ ರಿತು ಎದುರಾದಳು. "ದೀದಿ, ಇಸ್ ಬಾರ್ ಭೂತ್‌ಘರ್?" ಎಂದಳು. "ನಹೀಂ ರಿತು. ಪಾಪಾ ಆನೇವಾಲೇ ಹೈಂ" ಎಂದೆ, ಅಪ್ಪ ಬರುವವರಿದ್ದಾರೆ ಎಂದು. ನನ್ನ ಅಪ್ಪ ಇಲ್ಲವೆಂದು ಅವಳಿಗೆ ಗೊತ್ತು. ನನ್ನ ಮುಖ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು. ಕೈ ತಾನಾಗಿ ಬಾಯಿಗೆ ಹೋಯಿತು. "ವೋ ಫೋಟೋ..." ಎಂದು ನಿಲ್ಲಿಸಿದಳು. ನಾನು ಹೌದೆಂದು ತಲೆಯಾಡಿಸಿ ಮೆಟ್ಟಿಲಿಳಿದೆ.

ಅಮ್ಮ ಕೂತಿದ್ದ ಬೆಂಚಿನ ಮೇಲೆ ಕೂತು ಅವಳಿಗೆ ಫೋನು ಮಾಡಿದೆ. ಅವಳೂ ಮಂಡ್ಯದಲ್ಲಿ ಎಡೆ ಇಟ್ಟು ಬಾಗಿಲಾಚೆ ಜಗುಲಿಯ ಮೇಲೆ ಕೂತಿದ್ದಳು.

"ಅಮ್ಮಾ, ನಾನೂ ಇಟ್ಟಿದ್ದೀನಿ. ಅಪ್ಪ ಯಾವ ಮನೆಗೆ ಬರ್ತಾರೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿಗೇ ಬರ್ತಾರೆ ಮಗ. ಅಲ್ಲಿ ಅವರು ಯಾರು ಅಂತ ಯಾರಿಗ್ ಗೊತ್ತು?"

ಮೇಲೆ ಬಂದೆ. ಹಸಿರು ಗೋಡೆ ದಾಟಿ ಪಡಸಾಲೆಯ ತುದಿಗೆ ಹೋಗಿ, ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದೆ. ಬಡಿಸಿದ ಎಲೆ ಬಡಿಸಿದ ಹಾಗೇ ಇತ್ತು. ಊರಿನಲ್ಲೂ ಪ್ರತಿ ವರ್ಷ ಹಾಗೇ ಇರುತ್ತಿತ್ತು. ಅಲ್ಲಿ ಅದನ್ನು ನೋಡಿ, ಹಿರಿಯರು ಬಂದು ಉಂಡು ಹೋದರು ಎಂದುಕೊಂಡು ನಾವೆಲ್ಲ ಊಟಕ್ಕೆ ಕೂರುತ್ತಿದ್ದೆವು. ಇಲ್ಲಿ ಹಾಗೆ ಅಂದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.